ಮಗ್ದಲಿ ಕೇಳಿದ ಹಿಡಿ

ಎರಿಹಾಳದ ಮಿಷನ್ ದವಾಖಾನೆಯ ಹಿತ್ತಲಲ್ಲಿ ಒಂದು ಕಲ್ಲಿನ ಕಟ್ಟೆಯಿದೆ. ಪೂಜ್ಯ ಕ್ಲೆಮೆನ್ಸಿಯಾ ಅಮ್ಮನವರು ಮೂವತ್ತೆಂಟು ವರ್ಷ ಪ್ರತಿ ಬೆಳಗ್ಗೆ ಆ ಕಟ್ಟೆಯ ಮೇಲೆ ಕೂತು ರೋಗಿಗಳ ಊಟಕ್ಕೆ ಜೋಳ ಹಸನು ಮಾಡಿದರು. ತೊಡೆಯ ಮೇಲೆ ಮೊರ, ಪಕ್ಕದಲ್ಲಿ ಆರಿಸಿದ ಕಲ್ಲು ಹಾಕಲು ಅಂಚು ಒಡೆದ ಬಟ್ಟಲು, ಮೈಮೇಲೆ ತೇಪೆ ಹಾಕಿದ ಬಿಳಿ ನಿಲುವಂಗಿ. ಅವರ ಹೆಸರು ಕೇಳಿ ದೂರದಿಂದ ಬಂದವರು ಅವರನ್ನೇ ಮಾತಾಡಿಸಿ, ಅಮ್ಮನವರು ಎಲ್ಲಿದ್ದಾರೆ ಎಂದು ವಿಚಾರಿಸಿದ್ದುಂಟು. ಆಗ ಅವರು ಕರೆಯುತ್ತೇನೆ ಎಂದು ಒಳಗೆ ಹೋಗಿ, ಮುಖ ತೊಳೆದುಕೊಂಡು, ತಾವೇ ಹೊರಗೆ ಬರುತ್ತಿದ್ದರಂತೆ.

ಯಾರನ್ನು ಸಂತರೆಂದು ಕರೆಯಬೇಕು ಎನ್ನುವುದು ಪವಿತ್ರ ಸಭೆಗೆ ಬಿಟ್ಟದ್ದು. ನಾನು ಕನ್ನಡ ಶಾಲೆಯ ಮಾಸ್ತರ, ನನಗೆ ಆ ಅಧಿಕಾರವಿಲ್ಲ. ಆದರೆ ಅಮ್ಮನವರ ಬಗ್ಗೆ ಹಿಂದೆ ಒಂದು ಕಿರುಹೊತ್ತಿಗೆ ಬರೆದವನು ನಾನೇ. ಮಿಷನ್ನಿಗೆ ಕಾಣಿಕೆ ಕಳುಹಿಸುವ ದೂರದೂರಿನ ಭಕ್ತರು, ನಾವು ಕೊಟ್ಟದ್ದು ಏನಾಯಿತು ಎಂದು ಕೇಳುತ್ತಾರಲ್ಲ, ಅವರಿಗಾಗಿ ಅದನ್ನು ಅಚ್ಚು ಹಾಕಿಸಿದ್ದರು. ಅದರಲ್ಲಿ ಒಂದು ತಪ್ಪು ಸೇರಿಕೊಂಡಿತು. ಆ ತಪ್ಪನ್ನು ತಿದ್ದಲು ಈ ಪ್ರಸಂಗವನ್ನು ಬರೆಯುತ್ತಿದ್ದೇನೆ. ಇದರಲ್ಲಿ ಪವಾಡವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪವಾಡ ಬೇಕಾದವರಿಗೆ ಬೇರೆ ಪುಸ್ತಕಗಳಿವೆ.

ಅಮ್ಮನವರು ಗೋವೆಯವರು. ಮನೆಮಾತು ಕೊಂಕಣಿ, ಓದಿದ್ದು ಪೋರ್ತುಗೀಸು. ಕ್ಲೆಮೆನ್ಸಿಯಾ ಎಂದರೆ ಆ ಭಾಷೆಯಲ್ಲಿ ದಯೆ. ಎರಿಹಾಳದವರ ನಾಲಿಗೆ ಅದಕ್ಕೆಲ್ಲಿ ಹೊರಳಬೇಕು? ಮೊದಲ ವಾರ ಅದು ಕ್ಲೆಮನ್ಸವ್ವ ಆಯಿತು, ಎರಡನೆಯ ವಾರ ಕಲ್ಮನ್ಸವ್ವ ಆಯಿತು, ಅಲ್ಲಿಗೇ ನಿಂತಿತು. ದಯೆ ಎಂಬ ಹೆಸರಿನವರನ್ನು ಊರಿಗೆ ಊರೇ ಕಲ್ಲುಮನಸ್ಸಿನವಳೆಂದು ಕರೆಯಿತು, ಅದೂ ಪ್ರೀತಿಯಿಂದ ಕರೆಯಿತು. ಅರ್ಥ ತಿಳಿದ ಮೇಲೆ ಅಮ್ಮನವರು ನಕ್ಕು, ಇರಲಿ ಬಿಡಿ, ದೇವರಿಗೆ ನನ್ನ ಗುರುತು ಸಿಕ್ಕರೆ ಸಾಕು ಎಂದರಂತೆ.

ನಮ್ಮ ಕ್ರೈಸ್ತರ ಮನೆಗಳಲ್ಲಿ ಆಗ ಒಂದು ಪದ್ಧತಿಯಿತ್ತು. ಬೆಳಗ್ಗೆ ಬೀಸಲು ಕೂತ ಹೆಂಗಸು ಬೀಸುಕಲ್ಲಿಗೆ ಜೋಳ ಹಾಕುವ ಮೊದಲು ಒಂದು ಹಿಡಿ ತೆಗೆದು, ಶಿಲುಬೆಯ ಗುರುತು ಮಾಡಿ, ಒಲೆಯ ಪಕ್ಕದ ಸಣ್ಣ ಗಡಿಗೆಗೆ ಹಾಕುತ್ತಿದ್ದಳು. ಭಾನುವಾರ ಪೂಜೆಗೆ ಬರುವಾಗ ಆ ಗಡಿಗೆ ಸೆರಗಿನಡಿಯಲ್ಲಿ ಬಂದು ಮಿಷನ್ನಿನ ಕೋಣೆಯಲ್ಲಿ ಬರಿದಾಗುತ್ತಿತ್ತು. ದವಾಖಾನೆಯ ರೋಗಿಗಳಿಗೂ, ಹಳ್ಳಿಹಳ್ಳಿಗೆ ನಡೆದು ಹೋಗುವ ಉಪದೇಶಿಗಳಿಗೂ ಅದೇ ಅನ್ನ. ಇದನ್ನು ಯಾರೂ ದಾನ ಎನ್ನಲಿಲ್ಲ, ಕಾಣಿಕೆ ಎನ್ನಲಿಲ್ಲ. ಬರೀ ಹಿಡಿ ಎನ್ನುತ್ತಿದ್ದರು. ಹಿಡಿ ಹಾಕಿದಿ? ಈ ವಾರ ಯಾಕೋ ಹಿಡಿ ಕಡಿಮಿ ಆತು. ಹೀಗೆ.

ಎರಿಹಾಳಕ್ಕೆ ಬಂದಾಗ ಅಮ್ಮನವರಿಗೆ ಇಪ್ಪತ್ತೇಳು ವರ್ಷ. ಕನ್ನಡದಲ್ಲಿ ಬರುತ್ತಿದ್ದದ್ದು ನಾಲ್ಕೇ ಮಾತು: ನೀರು, ನೋವು, ಬನ್ನಿ, ದೇವರು. ಐದನೆಯ ಮಾತನ್ನು ಮೊದಲ ಭಾನುವಾರವೇ ಕಲಿತರು. ಹೆಂಗಸರು ಸಾಲಾಗಿ ಬಂದು ಗಡಿಗೆ ತೋರಿಸಿ "ಹಿಡಿ ಅವ್ವಾರ, ಹಿಡಿ" ಎಂದರು. ಹಿಡಿ ಎಂದರೆ ಜೋಳ, ಬಡವರು ಹಸಿದವರಿಗೆ ಕೊಡುವ ಜೋಳ ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂದು ಅವರಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತಿರುತ್ತದೆ ಎಂದೇ ನಾವು ತಿಳಿದಿರುತ್ತೇವೆ.

ಅದೇ ಊರಿನಲ್ಲಿ ಲೂರ್ದವ್ವ ಎಂಬ ಹೆಂಗಸು ಇದ್ದಳು. ಗಂಡ ಇನ್ನಾಸಪ್ಪ ಕಲ್ಲು ಒಡೆಯುವ ಕೆಲಸದವನು, ಮದ್ದು ಸಿಡಿದು ಸತ್ತಿದ್ದ. ಉಳಿದದ್ದು ಒಬ್ಬಳೇ ಮಗಳು, ಮಗ್ದಲಿ, ಏಳು ವರ್ಷದ ಹುಡುಗಿ. ಲೂರ್ದವ್ವ ನಾಲ್ಕು ಮನೆಯ ಜೋಳ ಬೀಸಿ, ಕೂಲಿಯಾಗಿ ಬಂದ ಜೋಳದಲ್ಲಿ ಇಬ್ಬರ ಹೊಟ್ಟೆ ಹೊರೆಯುತ್ತಿದ್ದಳು. ಆ ಕೂಲಿ ಜೋಳದಲ್ಲೂ ಒಂದು ದಿನ ಹಿಡಿ ತಪ್ಪಿಸಿದವಳಲ್ಲ. ಹಿಡಿ ಹಾಕುವ ಕೆಲಸ ಮಗ್ದಲಿಯದು. ದೇವರಿಗೆ ಎರಡು ಹಾಕು, ನಿನ್ನ ಹಿಡಿ ಸಣ್ಣದು ಎಂದು ತಾಯಿ ಹೇಳುತ್ತಿದ್ದಳು. ಹುಡುಗಿ ಎರಡು ಹಾಕಿ, ಮೇಲೆ ಇನ್ನೊಂದು ನಾಲ್ಕು ಕಾಳು ಉದುರಿಸುತ್ತಿದ್ದಳು.

ಅಮ್ಮನವರು ಬಂದ ವರ್ಷದ ಮಳೆಗಾಲದಲ್ಲಿ ಊರಿಗೆ ಜ್ವರ ಬಿತ್ತು. ಮನೆಗೊಬ್ಬರಂತೆ ಮಲಗಿದರು. ಮಗ್ದಲಿಯೂ ಮಲಗಿದಳು. ಲೂರ್ದವ್ವ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ದವಾಖಾನೆಗೆ ತಂದು ಹಾಕಿದಳು. ಜ್ವರದ ಕೋಣೆಯಲ್ಲಿ ಎಂಟು ಮಂಚ. ರೋಗ ಹರಡೀತೆಂದು ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಇದು ಹಿರಿಯ ಸಿಸ್ಟರು ಮಾಡಿದ ನಿಯಮ. ನಿಯಮ ಸರಿಯಾದದ್ದೇ, ಅದರಿಂದ ಹತ್ತಾರು ಜನ ಉಳಿದಿದ್ದಾರೆ. ಲೂರ್ದವ್ವ ಹೊರಗೆ, ಆ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಮೂರು ದಿನ ಕೂತಳು. ಗೋಡೆಯ ಆಚೆ ಮಗಳ ಮಂಚ. ಮೂರನೆಯ ದಿನ ಮಧ್ಯಾಹ್ನ ಮಗ್ದಲಿ ತೀರಿಕೊಂಡಳು.

ಹಿರಿಯ ಸಿಸ್ಟರು ಹೊರಗೆ ಬಂದು ಲೂರ್ದವ್ವನ ತಲೆಯ ಮೇಲೆ ಕೈಯಿಟ್ಟು, ಮಗು ಒಂಟಿಯಾಗಿ ಹೋಗಲಿಲ್ಲ ತಾಯಿ, ಕ್ಲೆಮೆನ್ಸಿಯಾ ಸಿಸ್ಟರು ಕೊನೆಯವರೆಗೂ ಅದರ ಕೈ ಹಿಡಿದುಕೊಂಡಿದ್ದರು ಎಂದು ಹೇಳಿದರು. ಅವರು ಸುಳ್ಳು ಹೇಳಲಿಲ್ಲ. ಕೋಣೆಗೆ ಬಂದಾಗ ಅವರು ಕಂಡದ್ದು ಹಾಗೆಯೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಲೂರ್ದವ್ವ ಅಳಲಿಲ್ಲ. ಊರವರು ಅದನ್ನೂ ಆಡಿಕೊಂಡರು. ಮರುದಿನ ಬೀಸಲು ಕೂತಾಗ ಹಿಡಿಯ ಗಡಿಗೆ ಕಣ್ಣಿಗೆ ಬಿತ್ತು. ಎತ್ತಿ ಅಂಗಳಕ್ಕೆ ಎಸೆದಳು. ಪೂಜೆಗೆ ಬರುವುದನ್ನು ಬಿಟ್ಟಳು, ಜಪಸರ ಬಿಟ್ಟಳು. ನೆರೆಯ ಹೆಂಗಸರು ಬಂದು ದೇವರ ಚಿತ್ತ ಎಂದು ಸಮಾಧಾನ ಹೇಳಿದರು. ಇನ್ನೊಬ್ಬರ ಮನೆಯ ಸಾವಿಗೆ ಈ ಮಾತು ಬಾಯಿಗೆ ಬಹಳ ಸಲೀಸಾಗಿ ಬರುತ್ತದೆ. ಲೂರ್ದವ್ವ ಕದ ಹಾಕಿಕೊಂಡಳು. ಬೀಸುವುದು, ಒಂದು ರೊಟ್ಟಿ ಬಡಿಯುವುದು, ಅರ್ಧ ತಿನ್ನುವುದು, ಮಲಗುವುದು. ಎಂಟು ತಿಂಗಳು ಹೀಗೆ ನಡೆಯಿತು. ಆ ದಿನಗಳಲ್ಲಿ ದೇವರೆಂದರೆ ಏನು ಅನ್ನಿಸುತ್ತಿತ್ತು ಎಂದು ನಾನು ಮುಂದೆ ಒಮ್ಮೆ ವಿಚಾರಿಸಿದಾಗ, ಏನೂ ಅನ್ನಿಸುತ್ತಿರಲಿಲ್ಲ, ಅದೇ ದೊಡ್ಡ ನರಕವಾಗಿತ್ತು ಎಂಬ ಉತ್ತರ ಬಂತು.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಭಾನುವಾರ. ಹಿಂಗಾರಿ ಜೋಳ ಮನೆಗೆ ಬಂದ ಸಮಯ, ಆ ವರ್ಷ ಬೆಳೆ ಚೆನ್ನಾಗಿತ್ತು. ಪೂಜೆ ಮುಗಿದು ಹೆಂಗಸರು ಗಡಿಗೆ ಹಿಡಿದು ಮಿಷನ್ನಿನ ಕೋಣೆಯ ಮುಂದೆ ನಿಂತಿದ್ದರು. ಅಮ್ಮನವರು ಬಾಗಿಲಲ್ಲಿ ಕೂತು ಜೋಳ ತೆಗೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಲೂರ್ದವ್ವ ಬಂದಳು. ಕೈಯಲ್ಲಿ ಗಡಿಗೆ ಇರಲಿಲ್ಲ, ಖಾಲಿ ಚೀಲವಿತ್ತು.

"ನನ್ನ ಹಿಡಿ ನನಗ ವಾಪಸ್ ಕೊಡ್ರಿ," ಎಂದಳು.

ಹೆಂಗಸರು ದಂಗಾದರು. ಪೂಜೆಯ ಉಡುಪು ಇನ್ನೂ ತೆಗೆಯದಿದ್ದ ಗುರುಸ್ವಾಮಿಗಳು ಗದ್ದಲ ಕೇಳಿ ಅಲ್ಲಿಗೆ ಬಂದರು. ದೇವರಿಗೆ ಕೊಟ್ಟದ್ದನ್ನು ತಿರುಗಿ ಕೇಳುವುದುಂಟೇ ಎಂದು ಗದರಿದರು. ಲೂರ್ದವ್ವ ದನಿ ಏರಿಸಲಿಲ್ಲ.

"ದೇವ್ರು ನನಗ ಕೊಟ್ಟಿದ್ದನ್ನ ತಿರುಗಿ ತಗೊಂಡಾನಲ್ರಿ ಸ್ವಾಮ್ಯಾರ. ನಾ ಕೇಳಿದ್ರ ತಪ್ಪೇನು?"

ಗುರುಸ್ವಾಮಿಗಳು ಅಮ್ಮನವರ ಕಡೆ ತಿರುಗಿದರು.

ಅಮ್ಮನವರು ಎದ್ದರು. ಕೋಣೆಯ ಒಳಗಿನ ಕಣಜದ ಮುಚ್ಚಳ ತೆಗೆದರು. ಲೂರ್ದವ್ವನ ಕೈಯಿಂದ ಚೀಲ ತೆಗೆದುಕೊಂಡು, ಅದರ ಬಾಯಿ ಅಗಲಿಸಿ ಹಿಡಿದು, ತೆಗೆದುಕೊಳ್ಳಿ ಎಂದು ತಲೆಯಾಡಿಸಿದರು. ಲೂರ್ದವ್ವ ಬುಟ್ಟಿಯಿಂದ ಮೊಗೆಯಲಿಲ್ಲ. ಕೊಟ್ಟದ್ದು ಹೇಗೋ ಹಾಗೆಯೇ, ಹಿಡಿ ಹಿಡಿಯಾಗಿ ತುಂಬಿಕೊಂಡಳು. ಒಂದು ದೊಡ್ಡ ಹಿಡಿ ತನ್ನದು, ಎರಡು ಸಣ್ಣ ಹಿಡಿ ಮಗಳದು. ಮಗಳ ಹಿಡಿಗೆ ಬೆರಳು ಮುದುಡಿಕೊಳ್ಳುತ್ತಿದ್ದಳು. ಹೊರಗೆ ನಿಂತ ಹೆಂಗಸರಲ್ಲಿ ಕೆಲವರು ಅದನ್ನು ನೋಡಲಾರದೆ ಹೊರಟುಹೋದರು. ಗುರುಸ್ವಾಮಿಗಳೂ ಹೋದರು.

ಚೀಲ ಅರ್ಧವಾದಾಗ ಆಕೆಯ ಕೈ ನಿಂತಿತು. ಅಮ್ಮನವರ ಮುಖ ನೋಡಿದಳು.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ ಅವ್ವಾರ. ಎಲ್ಲಾರೂ ಕೈ ಬಿಟ್ರು, ನೀವು ಬಿಡಲಿಲ್ಲ. ನನ್ನ ಕೂಸಿನ ಕೈ ಕಡೀತನಾ ಹಿಡಕೊಂಡಿದ್ರಂತ. ಅದೊಂದ ಮಾತಿನ ಮ್ಯಾಲ ಇನ್ನೂ ಜೀವ ಇಟಗೊಂಡೀನಿ."

ಹೀಗೆಂದು ಬಗ್ಗಿ ಅವರ ಪಾದ ಮುಟ್ಟಲು ಹೋದಳು. ಅಮ್ಮನವರು ಕಾಲು ಹಿಂದಕ್ಕೆ ತೆಗೆದುಕೊಂಡರು. ಚೀಲ ಕೈಯಿಂದ ಜಾರಿತು.

"ಬೇಡ," ಎಂದರು. "ನಾನು ಹಿಡಿದಿರಲಿಲ್ಲ."

ಆಮೇಲೆ ಆ ಕೋಣೆಯ ನೆಲದ ಮೇಲೆ, ಚೆಲ್ಲಿದ ಜೋಳದ ನಡುವೆ ಮೊಣಕಾಲೂರಿ, ಎಂಟು ತಿಂಗಳಲ್ಲಿ ಕಲಿತ ತಡವರಿಸುವ ಕನ್ನಡದಲ್ಲಿ ನಡೆದದ್ದನ್ನೆಲ್ಲ ಹೇಳಿದರು.

ಅಂದು ಮಧ್ಯಾಹ್ನ ಹಿರಿಯ ಸಿಸ್ಟರು ಪಕ್ಕದ ಹಳ್ಳಿಗೆ ಹೋಗಿದ್ದರು. ಎಂಟು ಮಂಚಕ್ಕೆ ಅಮ್ಮನವರು ಒಬ್ಬರೇ. ಮೂರು ದಿನ ಕಣ್ಣು ಬಿಡದಿದ್ದ ಮಗ್ದಲಿ ಒಮ್ಮೆಲೇ ಕಣ್ಣು ತೆರೆದಳು. ಅಮ್ಮನವರನ್ನು ನೋಡಿ ಕೈ ಚಾಚಿ "ಹಿಡಿ" ಎಂದಳು. ಅಮ್ಮನವರಿಗೆ ಎಲ್ಲಿಲ್ಲದ ಸಂತೋಷವಾಯಿತು. ಆ ಊರಿನಲ್ಲಿ ಅವರಿಗೆ ಗೊತ್ತಿದ್ದ ಐದು ಮಾತಿನಲ್ಲಿ ಅದು ಒಂದು. ಮೂರು ದಿನ ನೀರು ಕೂಡ ಇಳಿಯದ ಮಗು ಜೋಳ ಕೇಳುತ್ತಿದೆ, ಹಸಿವಾಗಿದೆ, ಇನ್ನು ಬದುಕುತ್ತದೆ ಎಂದುಕೊಂಡರು. ಮಗು ಮತ್ತೆ ಹಿಡಿ ಎಂದಿತು. ಇವರು, ತರುತ್ತೇನೆ, ತರುತ್ತೇನೆ ಎಂದು ಕೊಂಕಣಿಯಲ್ಲಿ ಹೇಳುತ್ತ ಓಡಿದರು. ಬಾಗಿಲು ದಾಟುವಾಗ ಬೆನ್ನಿಗೆ ಮೂರನೆಯ ಸಲ ಆ ಮಾತು ಕೇಳಿಸಿತು. ಅಂಗಳ ದಾಟಿ, ಕೋಣೆಯ ಬೀಗ ತೆಗೆದು, ಕಣಜದಿಂದ ಒಂದು ಹಿಡಿ ಜೋಳ ತೆಗೆದರು. ಗಂಜಿ ಕಾಯಿಸುವ ಮೊದಲು ಮಗುವಿಗೆ ಒಮ್ಮೆ ತೋರಿಸೋಣ, ನಾನು ಅರ್ಥ ಮಾಡಿಕೊಂಡೆನೆಂದು ಅದಕ್ಕೆ ತಿಳಿಯಲಿ ಎಂದು ಮುಷ್ಟಿ ಬಿಗಿಹಿಡಿದು ಓಡಿ ಬಂದರು. ಬಂದಾಗ ಮಗುವಿನ ಕೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಜೋಳ ಅಲ್ಲೇ ಚೆಲ್ಲಿ ಆ ಕೈಯನ್ನು ಎತ್ತಿಕೊಂಡರು. ಇನ್ನೂ ಬಿಸಿಯಿತ್ತು. ಹಿರಿಯ ಸಿಸ್ಟರು ಬಂದು ಕಂಡದ್ದು ಅದನ್ನು.

ಮಗು ಹಸಿದು ಸತ್ತಿತೆಂದು ಅವರು ಎರಡು ತಿಂಗಳು ಕೊರಗಿದರು. ಅನಂತರ ಒಂದು ಬೆಳಗ್ಗೆ ಊರ ಬಾವಿಯಲ್ಲಿ ಒಂದು ಪುಟ್ಟ ಮಗು ಮೆಟ್ಟಿಲು ಇಳಿಯಲು ಹೆದರಿ, ಮುಂದೆ ಇಳಿಯುತ್ತಿದ್ದ ತಾಯಿಗೆ ಕೈ ಚಾಚಿ, ಯವ್ವಾ ಹಿಡಿ, ಹಿಡಿ ಎಂದಿತು. ತಾಯಿ ಕೊಡ ಕೆಳಗಿಟ್ಟು ಅದರ ಕೈ ಹಿಡಿದಳು. ಅಮ್ಮನವರು ನೀರು ತುಂಬದೆ ಅಲ್ಲಿಂದಲೇ ಮಿಷನ್ನಿಗೆ ಹಿಂತಿರುಗಿದರು. ಗುರುಸ್ವಾಮಿಗಳಲ್ಲಿ ಪಾಪನಿವೇದನೆ ಮಾಡಿದರು. ತಿಳಿಯದೆ ಆದದ್ದು ಪಾಪವಲ್ಲ, ತಾಯಿಗೆ ಹೇಳಿ ಮತ್ತಷ್ಟು ನೋಯಿಸಬೇಡಿ ಎಂದು ಅವರು ಬುದ್ಧಿ ಹೇಳಿದರು. ಅದರಂತೆ ಅಮ್ಮನವರು ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದರು. ಆದರೆ ಮಾಡದ ಉಪಕಾರಕ್ಕೆ ಆ ತಾಯಿ ಪಾದ ಮುಟ್ಟಲು ಬಂದಾಗ ಬಾಯಿ ಮುಚ್ಚಿಕೊಂಡಿರಲು ಅವರಿಂದ ಆಗಲಿಲ್ಲ.

"ನೀವು ಕೊಟ್ಟ ಹಿಡಿ ಇಲ್ಲಿ ಇದೆ, ತಾಯಿ," ಎಂದು ಕಣಜದ ಕಡೆ ಕೈ ತೋರಿಸಿದರು. "ನಿಮ್ಮ ಮಗು ಕೇಳಿದ ಹಿಡಿ ನಾನು ಕೊಡಲಿಲ್ಲ. ಅದನ್ನು ಈಗ ಎಲ್ಲಿಂದ ತರಲಿ?"

ಲೂರ್ದವ್ವ ಅವರ ಎದುರಿಗೆ ಬಂದು ನಿಂತಳು. ಹೊಡೆಯುತ್ತಾಳೆ ಎಂದು ಅಮ್ಮನವರಿಗೆ ಅನ್ನಿಸಿತಂತೆ. ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತಂತೆ. ಆಕೆ ಹೊಡೆಯಲಿಲ್ಲ.

"ಎಷ್ಟ ಸಲ ಅಂದ್ಲು?"

"ಮೂರು ಸಲ."

"ಜೋರಾಗಿ ಅಂದ್ಲೇನು?"

"ಇಲ್ಲ. ಮೆಲ್ಲಗೆ."

"ನಾ ಗ್ವಾಡಿ ಆಚೀಕಿದ್ದೆ," ಎಂದಳು ಲೂರ್ದವ್ವ. "ಮಾರು ದೂರ ಇರಲಿಲ್ಲ."

ಇಷ್ಟು ಹೇಳಿ ಚೀಲವನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು. ಮನೆಗೆ ಹೋಗಲಿಲ್ಲ. ಜ್ವರದ ಕೋಣೆಯ ಹಿಂದಕ್ಕೆ ಹೋಗಿ, ಎಂಟು ತಿಂಗಳ ಹಿಂದೆ ಕೂತಲ್ಲೇ, ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅಮ್ಮನವರೂ ಹೋಗಿ ಒಂದು ಗೇಣು ಬಿಟ್ಟು ಕೂತರು. ಕ್ಷಮಿಸು ಎಂದು ಅವರು ಬೇಡಲಿಲ್ಲ, ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ಬಿಸಿಲು ಮುಖಕ್ಕೆ ಬಂತು, ಮುಖದಿಂದ ಇಳಿದು ಕಾಲಿಗೆ ಬಂತು. ಸಂಜೆಯ ಜಪದ ಗಂಟೆ ಹೊಡೆದಾಗ ಲೂರ್ದವ್ವ ಎದ್ದು ಹೋದಳು.

ಆ ಅರ್ಧ ಚೀಲ ಜೋಳವನ್ನು ಆಕೆ ಒಯ್ಯಲಿಲ್ಲ. ಆಕೆಯದನ್ನು ಯಾರೂ ಮುಟ್ಟಬಾರದೆಂದು ಅಮ್ಮನವರು ಅದನ್ನು ಆ ಗೋಡೆಯ ಬುಡದಲ್ಲಿ ಇಡಿಸಿದರು. ಮೊದಲ ಮಳೆಗೆ ಅದು ಮೊಳಕೆಯೊಡೆಯಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ನನ್ನ ಹೊತ್ತಿಗೆಯಲ್ಲಿ ಹಾಗೆ ಬರೆಯಲು ಕೈ ತುರಿಸಿತ್ತು. ಇಲಿ ತಿಂದವು, ಅಷ್ಟೇ.

ಮರುದಿನ ಸೋಮವಾರ. ಜ್ವರದ ಕೋಣೆಯಲ್ಲಿ ಒಬ್ಬ ಮುದುಕ ಮಲಗಿದ್ದ. ಯಾವ ಊರಿನವನೋ, ರಸ್ತೆ ಕೆಲಸಕ್ಕೆ ಬಂದವನು, ಹಿಂದಿಲ್ಲ ಮುಂದಿಲ್ಲ. ಆ ದಿನ ದಾಟುವುದಿಲ್ಲ ಎಂದು ಹಿರಿಯ ಸಿಸ್ಟರು ಹೇಳಿದ್ದರು. ಬಿಸಿಲು ಏರುವ ಹೊತ್ತಿಗೆ ಲೂರ್ದವ್ವ ಬಂದು, ಯಾರನ್ನೂ ಕೇಳದೆ ಬಾಗಿಲು ದೂಡಿ ಒಳಗೆ ನಡೆದಳು. ಹಿರಿಯ ಸಿಸ್ಟರು ಅಡ್ಡ ನಿಂತರು. ಹೊರಗಿನವರು ಒಳಗೆ ಬರುವಂತಿಲ್ಲ, ರೋಗ ನಿನಗೂ ಹತ್ತುತ್ತದೆ ಎಂದರು. ಹತ್ತಲಿ ಎಂದಳು. ನಿನಗೆ ಇಲ್ಲೇನು ಕೆಲಸ ಎಂದರು. ಅದಕ್ಕೆ ಲೂರ್ದವ್ವ ತನ್ನ ಬಲಗೈಯನ್ನು ನೋಡಿಕೊಂಡಳು. ಖಾಲಿ ಕೈ.

ನೀರಿನ ತಂಬಿಗೆ ಹಿಡಿದು ಮಂಚದ ಬಳಿ ನಿಂತಿದ್ದ ಅಮ್ಮನವರು ಅದನ್ನು ನೋಡಿದರು.

"ಬಿಡಿ ಸಿಸ್ಟರ್," ಎಂದರು. "ಹಿಡಿ ತಂದಿದ್ದಾರೆ."

ಹಿರಿಯ ಸಿಸ್ಟರು ಪಕ್ಕಕ್ಕೆ ಸರಿದರು. ಲೂರ್ದವ್ವ ಹೋಗಿ ನೆಲದ ಮೇಲೆ ಕೂತು, ಆ ಮುದುಕನ ಕೈ ಹಿಡಿದಳು. ಮಧ್ಯಾಹ್ನ ಅವನು ಹೋದ. ಹೋದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ಇಲ್ಲಿಯವರೆಗೆ ಲೂರ್ದವ್ವನನ್ನು ನಾನು ಏಕವಚನದಲ್ಲಿ ಕರೆದೆ. ಆಗ ಊರವರು ಕರೆಯುತ್ತಿದ್ದದ್ದೇ ಹಾಗೆ. ಇನ್ನು ಮುಂದೆ ನನ್ನಿಂದ ಆಗುವುದಿಲ್ಲ.

ಲೂರ್ದವ್ವನವರು ಆಮೇಲೆ ಒಂದು ಕಾಳು ಜೋಳವನ್ನೂ ಮಿಷನ್ನಿಗೆ ತರಲಿಲ್ಲ. ಭಾನುವಾರ ಹೆಂಗಸರು ಗಡಿಗೆ ಸುರಿಯುವಾಗ ಅವರು ಒಳಗೆ ಯಾವುದೋ ಮಂಚದ ಬಳಿ ಇರುತ್ತಿದ್ದರು. ಬೆಳಗ್ಗೆ ಬೀಸುವ ಕೂಲಿ, ಬಿಸಿಲೇರಿದ ಮೇಲೆ ದವಾಖಾನೆ. ಔಷಧ ಅವರಿಗೆ ತಿಳಿಯದು, ದೇವರ ವಾಕ್ಯ ಓದಲು ಬಾರದು. ಸಾಯುವವರ ಕೈ ಹಿಡಿಯುವುದೊಂದೇ ಅವರ ಕೆಲಸ. ಯಾವ ಜಾತಿ, ಯಾವ ಧರ್ಮ ಎಂದು ವಿಚಾರಿಸಲಿಲ್ಲ. ಜ್ವರ ಅವರಿಗೂ ಎರಡು ಸಲ ಬಂದು ಹೋಯಿತು. ಅವರನ್ನು ನೋಡಿ, ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಮನೆಯವರಲ್ಲಿ ಒಬ್ಬರು ಒಳಗೆ ಕೂರಬಹುದೆಂದು ಹಿರಿಯ ಸಿಸ್ಟರು ನಿಯಮ ಬದಲಿಸಿದರು. ಇದರಿಂದ ಅವರ ದುಃಖ ಕಡಿಮೆಯಾಯಿತು ಎಂದು ನಾನು ಹೇಳಲಾರೆ. ಅಮ್ಮನವರನ್ನು ಕ್ಷಮಿಸಿದಿರಾ ಎಂದು ಒಮ್ಮೆ ದಿಟ್ಟತನ ಮಾಡಿ ಕೇಳಿದ್ದೆ. ಅದನ್ನ ಕೇಳಬ್ಯಾಡ್ರಿ ಮಾಸ್ತರ ಎಂದು ಮುಖ ತಿರುಗಿಸಿದರು. ಆದರೂ ಬೆಳಗ್ಗೆ ಆ ಕಲ್ಲುಕಟ್ಟೆಯ ಮೇಲೆ ಮೊರದ ಆಚೆ ತುದಿಗೆ ಕೂತು ಅಮ್ಮನವರ ಜೊತೆ ಕಲ್ಲು ಆರಿಸುತ್ತಿದ್ದವರು ಅವರೇ.

ಮೂವತ್ತೆಂಟನೆಯ ವರ್ಷ ಅಮ್ಮನವರು ಹಾಸಿಗೆ ಹಿಡಿದರು. ಕೊನೆಯ ಮೂರು ದಿನ ಅವರಿಗೆ ಕನ್ನಡ ಬಿಟ್ಟುಹೋಯಿತು. ಹುಟ್ಟಿದ ಮನೆಯ ಮಾತು ಮಾತ್ರ ಉಳಿಯಿತು. ಆಗ ದವಾಖಾನೆಯಲ್ಲಿ ಕೊಂಕಣಿ ಬಲ್ಲವರು ಯಾರೂ ಇರಲಿಲ್ಲ. ಊರ ಜನ ಕೋಣೆಯ ತುಂಬ ಸೇರಿದ್ದರು, ನಾನೂ ಇದ್ದೆ. ಬೆಳಗಿನ ಪೂಜೆಯ ಹೊತ್ತಿಗೆ ಅಮ್ಮನವರು ಕಣ್ಣು ತೆರೆದು, ತುಟಿ ಅಲುಗಿಸಿ ಒಂದೇ ಮಾತನ್ನು ಹೇಳತೊಡಗಿದರು. "ಧೊರ್... ಧೊರ್..." ನಮಗೆ ಕೇಳಿಸಿದ್ದು ದೊರೆ ಎಂದು. ದೊರೆ ಎಂದರೆ ಯೇಸುಸ್ವಾಮಿ, ಸ್ವಾಮಿಯೇ ಬಂದು ಎದುರಿಗೆ ನಿಂತಿದ್ದಾರೆ ಎಂದು ಯಾರೋ ಅಂದರು. ನಾವೆಲ್ಲ ಮೊಣಕಾಲೂರಿ, ಬಾಗಿಲ ಕಡೆ ತಿರುಗಿ ಪ್ರಾರ್ಥನೆ ಎತ್ತಿದೆವು. ಮೊಣಕಾಲೂರದೆ ಉಳಿದವರು ಲೂರ್ದವ್ವನವರೊಬ್ಬರೇ. ಅವರು ಮಂಚದ ಪಕ್ಕ ಕೂತು ಅಮ್ಮನವರ ಕೈ ಹಿಡಿದಿದ್ದರು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅಮ್ಮನವರು ಹೋಗಿದ್ದರು.

ಪೂಜ್ಯರು ಸ್ವರ್ಗದ ದೊರೆಯನ್ನು ಕರೆಯುತ್ತ ಪ್ರಾಣ ಬಿಟ್ಟರು ಎಂದು ನನ್ನ ಹೊತ್ತಿಗೆಯ ಕೊನೆಯ ಪುಟದಲ್ಲಿ ಬರೆದೆ. ಅದನ್ನು ಓದಿ ಎಷ್ಟೋ ಜನ ಕಣ್ಣೀರು ಹಾಕಿದರು, ಕಾಣಿಕೆ ಕಳುಹಿಸಿದರು. ಎರಡು ವರ್ಷದ ಮೇಲೆ ಗೋವೆಯಿಂದ ಅಮ್ಮನವರ ತಂಗಿಯ ಮಗಳು ಸಮಾಧಿ ನೋಡಲು ಬಂದರು. ಅವರೂ ಸಿಸ್ಟರೇ. ಅಭಿಮಾನದಿಂದ ಆ ಪುಟವನ್ನು ಓದಿ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಧೊರ್ ಎಂದರೆ ನಮ್ಮಲ್ಲಿ ದೊರೆಯಲ್ಲ ಮಾಸ್ತರೇ, ಹಿಡಿ ಎಂದರ್ಥ, ಕೈ ಹಿಡಿ ಎನ್ನುವಾಗ ಹೇಳುವ ಮಾತು ಎಂದರು.

ಎದುರಿಗೇ ಒಂದು ಜೀವ ಕೈ ಹಿಡಿಯಿರಿ ಎಂದು ಬೇಡುತ್ತಿತ್ತು, ನಾವು ಇಡೀ ಊರು ಅದಕ್ಕೆ ಬೆನ್ನು ಹಾಕಿ ಭಕ್ತಿ ಮಾಡುತ್ತಿದ್ದೆವು.

ನೆಟ್ಟಗೆ ದವಾಖಾನೆಯ ಹಿತ್ತಲಿಗೆ ಹೋದೆ. ಲೂರ್ದವ್ವನವರು ಕಟ್ಟೆಯ ಮೇಲೆ ಒಬ್ಬರೇ ಕೂತು ಜೋಳ ಹಸನು ಮಾಡುತ್ತಿದ್ದರು. ಕಣ್ಣು ಮಂಜಾಗಿತ್ತು, ಕಲ್ಲನ್ನು ಬೆರಳಿನಿಂದಲೇ ಗುರುತಿಸುತ್ತಿದ್ದರು. ಆ ಮಾತಿನ ಅರ್ಥವನ್ನು ಅವರಿಗೆ ಹೇಳಿದೆ. ಮೊರದ ಮೇಲೆ ಅವರ ಬೆರಳು ನಿಂತಿತು.

"ಎಷ್ಟ ಸಲ ಅಂದ್ರು ಅವತ್ತು?" ಎಂದರು.

"ನನಗೆ ಗೊತ್ತಿಲ್ಲರೀ ಅವ್ವಾರ. ನಾನು ಬಾಗಿಲ ಕಡೆ ತಿರುಗಿದ್ದೆ."

ಲೂರ್ದವ್ವನವರು ಒಂದು ಕಲ್ಲು ಆರಿಸಿ ಬಟ್ಟಲಿಗೆ ಹಾಕಿದರು.

"ನನಗೂ ಆ ಮಾತು ತಿಳೀಲಿಲ್ರಿ ಮಾಸ್ತರ," ಎಂದರು. "ಏನೋ ಬೇಡ್ತಾರ ಅಂತ ಅನಿಸ್ತು. ನೀರೇನೋ, ಗಂಜಿಯೇನೋ, ತರಲೇನು ಅನಿಸ್ತು. ಆದ್ರ ನಾ ಎದ್ದು ಹೋಗಲಿಲ್ಲ ನೋಡ್ರಿ."

ಹೀಗೆ ಹೇಳುತ್ತಲೇ ಅವರು ಅಳತೊಡಗಿದರು. ಮಗ್ದಲಿಯನ್ನು ಮಣ್ಣು ಮಾಡಿ ಬಂದ ದಿನದಿಂದ ಅವರು ಅತ್ತದ್ದನ್ನು ಎರಿಹಾಳದಲ್ಲಿ ಯಾರೂ ಕಂಡಿರಲಿಲ್ಲ. ನಲವತ್ತು ವರ್ಷದ ಅಳು. ಮೊರ ತೊಡೆಯಿಂದ ಜಾರಿ ಜೋಳ ಕಟ್ಟೆಯ ತುಂಬ ಚೆಲ್ಲಿತು. ನಾನು ಅದನ್ನು ಬಾಚಲು ಬಗ್ಗಿದವನು, ಬಾಚುವುದನ್ನು ಬಿಟ್ಟು ಅವರ ಪಕ್ಕದಲ್ಲಿ ಕೂತು ಕೈ ಹಿಡಿದೆ.